ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್: ಮನೆಯಲ್ಲಿ, ದಾರಿಯಲ್ಲಿ ಮತ್ತು ಕೊಟ್ಟಿಗೆಯ ಪಕ್ಕದಲ್ಲಿ



ಪಶುವೈದ್ಯನಿಗೂ ಕಾರಿನ ಚಾರ್ಜಿಂಗಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಆರು ತಿಂಗಳ ಹಿಂದೆ ನಾನೂ ಹಾಗೆಯೇ ಭಾವಿಸಿದ್ದೆ. ಒಬ್ಬ ಸದಸ್ಯರ ಕೊಟ್ಟಿಗೆಯಲ್ಲಿ ಹಾಲು ಕಡಿಮೆಯಾದ ಕಾರಣ ಹುಡುಕುತ್ತಾ ಹೋಗಿ, ಕೊನೆಗೆ ಅವರ ಹೊಸ ಕಾರಿನ ಪ್ಲಗ್ಗಿನ ಮುಂದೆ ನಿಂತ ಮೇಲೆ ಈ ಪಾಠ ಬರೆಯಬೇಕೆಂದು ತೀರ್ಮಾನಿಸಿದೆ. ಇಂದು ನಮ್ಮ ಹಳ್ಳಿಗಳಿಗೂ ಎಲೆಕ್ಟ್ರಿಕ್ ಎಸ್‌ಯುವಿ ಬರುತ್ತಿದೆ. ಅದು ಕೆಟ್ಟ ಗಾಡಿಯಲ್ಲ, ಸರಿಯಾಗಿ ಬಳಸಿದರೆ ಉಳಿತಾಯವೂ ಇದೆ. ಆದರೆ ಹೈನುಗಾರರ ಮನೆಯಲ್ಲಿ ಕರೆಂಟು, ನೀರು, ಕಬ್ಬಿಣ ಮತ್ತು ಹಸು ಒಂದೇ ಅಂಗಳದಲ್ಲಿರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಆ ಕೊಟ್ಟಿಗೆಯ ಕಥೆ

ಆ ಸದಸ್ಯರ ಮನೆಯಲ್ಲಿ ಆರು ಎಚ್.ಎಫ್. ಮಿಶ್ರತಳಿ ಹಸುಗಳು. ಬೆಳಗಿನ ಹಾಲು ಎಂದಿನಂತೆಯೇ ಇತ್ತು, ಸಂಜೆಯ ಹಾಲು ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಕೆಚ್ಚಲು ಬಾವು ಇರಬಹುದೆಂದು ಪರೀಕ್ಷೆ ಮಾಡಿದೆ, ಇರಲಿಲ್ಲ. ಪಶು ಆಹಾರ ಬದಲಾಗಿರಲಿಲ್ಲ, ಹಸಿರು ಮೇವೂ ಸಾಕಷ್ಟಿತ್ತು. ಜ್ವರವಿಲ್ಲ, ಉಣ್ಣೆಯ ಕಾಟವೂ ಇಲ್ಲ. ಆದರೆ ಸಂಜೆ ಹಿಂಡುವಾಗ ಹಸುಗಳು ಒಂದೇ ಸಮನೆ ಕಾಲು ಎತ್ತಿ ಎತ್ತಿ ಇಡುತ್ತಿದ್ದವು. ನೀರಿನ ತೊಟ್ಟಿಗೆ ಮೂತಿ ಇಡದೆ ನಾಲಿಗೆ ಚಾಚಿ ನೆಕ್ಕುತ್ತಿದ್ದವು.

ಮನೆಯ ಯಜಮಾನಿ ಒಂದು ಮಾತು ಹೇಳಿದರು: "ಡಾಕ್ಟ್ರೇ, ನಮ್ಮವರು ಸಂಜೆ ಬಂದು ಕಾರಿಗೆ ಕರೆಂಟು ಹಾಕ್ತಾರಲ್ಲ, ಆ ಹೊತ್ನಲ್ಲೇ ಇವು ಹಿಂಗಾಡೋದು." ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಮಾರನೆಯ ಸಂಜೆ ಮಲ್ಟಿಮೀಟರ್ ತೆಗೆದುಕೊಂಡು ಹೋದೆ. ಕಾರು ಚಾರ್ಜಿಗೆ ಹಾಕದಿದ್ದಾಗ ನೀರಿನ ಕೊಳಾಯಿಗೂ ಒದ್ದೆ ನೆಲಕ್ಕೂ ನಡುವೆ ಅರ್ಧ ವೋಲ್ಟೂ ಇರಲಿಲ್ಲ. ಪ್ಲಗ್ ಹಾಕಿ ಸ್ವಿಚ್ ಒತ್ತಿದೊಡನೆ ಮೀಟರ್ 3 ವೋಲ್ಟ್ ತೋರಿಸಿತು.

ಆಗಿದ್ದಿಷ್ಟು. ಕಾರಿನ ಜೊತೆ ಬರುವ ಚಾರ್ಜರ್ ಮೊದಲು ಅರ್ಥಿಂಗ್ ಸರಿಯಿದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಆ ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರಲಿಲ್ಲ. ವೈರಿಂಗ್ ಮಾಡಿದವರು ಕೊಟ್ಟಿಗೆಯ ದೀಪದ ಲೈನಿನಿಂದಲೇ ತೆಳುವಾದ ತಂತಿ ಎಳೆದು 15 ಆಂಪಿಯರ್ ಸಾಕೆಟ್ ಕೂರಿಸಿದ್ದರು. ಕೆಂಪು ದೀಪ ಹೋಗಲೆಂದು ಸಾಕೆಟ್ಟಿನೊಳಗೆ ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್ನಿಗೆ ಸೇರಿಸಿ, ಅಲ್ಲಿಂದ ಇನ್ನೊಂದು ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಕೆಂಪು ದೀಪ ಹೋಯಿತು, ಕಾರು ಚಾರ್ಜ್ ಆಯಿತು. ಆದರೆ 13 ಆಂಪಿಯರ್ ವಿದ್ಯುತ್ ತೆಳುವಾದ ನ್ಯೂಟ್ರಲ್ ತಂತಿಯಲ್ಲಿ ಹರಿಯುವಾಗ ಆ ತಂತಿಯಲ್ಲಿ ಕೆಲವು ವೋಲ್ಟ್ ಉಳಿಯುತ್ತದೆ. ಅದೇ ವೋಲ್ಟ್ ಪೈಪಿನ ಮೂಲಕ ಹಸುವಿನ ಮೂತಿಯವರೆಗೆ ಬಂದಿತ್ತು.

ಇಲ್ಲಿ ತಿಳಿಯಬೇಕಾದ ವಿಷಯವೇನೆಂದರೆ, 3 ವೋಲ್ಟ್ ನಮಗೆ ತಿಳಿಯುವುದೇ ಇಲ್ಲ. ನಮ್ಮ ಕಾಲಿನಲ್ಲಿ ಚಪ್ಪಲಿ ಇರುತ್ತದೆ, ಚರ್ಮ ಒಣಗಿರುತ್ತದೆ. ಹಸು ನಾಲ್ಕು ಬರಿಗಾಲಿನಲ್ಲಿ ಗಂಜಲ-ನೀರಿನ ನೆಲದ ಮೇಲೆ ನಿಂತು ಒದ್ದೆ ಮೂತಿಯಿಂದ ಪೈಪು ಮುಟ್ಟುತ್ತದೆ. ಹಸುವಿನ ದೇಹವು ವಿದ್ಯುತ್ತಿಗೆ ಒಡ್ಡುವ ತಡೆ ಸುಮಾರು 500 ಓಮ್ ಮಾತ್ರ, ಮನುಷ್ಯನದು ಸಾಮಾನ್ಯವಾಗಿ ಅದರ ಎರಡರಷ್ಟಕ್ಕೂ ಹೆಚ್ಚು. ಆದುದರಿಂದ 1-2 ವೋಲ್ಟ್ ಇದ್ದರೂ ಕೆಲವು ಹಸುಗಳು ಬೆದರುತ್ತವೆ. ಬೆದರಿದ ಹಸುವಿನ ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ. ಹಾಲು ಇಳಿಸುವ ಆಕ್ಸಿಟೋಸಿನ್ ಎಂಬ ರಸದೂತಕ್ಕೆ ಆಗ ಕೆಲಸವಿಲ್ಲ. ಕೆಚ್ಚಲಿನಲ್ಲಿ ಹಾಲು ಉಳಿಯುತ್ತದೆ, ಉಳಿದ ಹಾಲು ಕೆಚ್ಚಲು ಬಾವಿಗೆ ದಾರಿ ಮಾಡಿಕೊಡುತ್ತದೆ.

ಇನ್ನೂ ದೊಡ್ಡ ಅಪಾಯವೊಂದಿತ್ತು. ಎಂದಾದರೂ ಆ ನ್ಯೂಟ್ರಲ್ ತಂತಿ ತುಂಡಾಗಿದ್ದರೆ ಕೊಳಾಯಿ ಪೈಪಿಗೆ ಪೂರ್ತಿ 230 ವೋಲ್ಟ್ ಬರುತ್ತಿತ್ತು. ಆರು ಹಸುಗಳಷ್ಟೇ ಅಲ್ಲ, ನೀರು ತುಂಬಲು ಹೋದವರೂ ಉಳಿಯುತ್ತಿರಲಿಲ್ಲ. ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರನ್ನು ಕರೆಸಿ, ಮೇನ್ ಬೋರ್ಡಿನಿಂದ ಬೇರೆ ಲೈನು, ಬೇರೆ ಅರ್ಥಿಂಗ್ ಮಾಡಿಸಲಾಯಿತು. ಸುಮಾರು ಹತ್ತು ದಿನಗಳಲ್ಲಿ ಸಂಜೆಯ ಹಾಲು ಮೊದಲಿನ ಮಟ್ಟಕ್ಕೆ ಬಂದಿತು. ಮೊದಲು ಕಾರಣ ಕಂಡುಹಿಡಿದವರು ಯಜಮಾನಿಯೇ ಹೊರತು ನಾನಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಯೂನಿಟ್ ಎಂದರೇನು, ಬ್ಯಾಟರಿ ಎಷ್ಟು ದೊಡ್ಡದು?

ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರೆದಿರುವ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ. ಕಾರಿನ ಬ್ಯಾಟರಿಯನ್ನೂ ಅದೇ ಅಳತೆಯಲ್ಲಿ ಹೇಳುತ್ತಾರೆ. ಕ್ಯಾನಿಗೆ 40 ಲೀಟರ್ ಎಂದಂತೆ ಬ್ಯಾಟರಿಗೆ 40 ಯೂನಿಟ್. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್. ಅದೇ ತಿಂಗಳು ಬಂದ ಎಂಜಿ ಝಡ್‌ಎಸ್ ಇವಿಯದು 44.5 ಯೂನಿಟ್. 2023ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 400ರಲ್ಲಿ 34.5 ಮತ್ತು 39.4 ಯೂನಿಟ್‌ಗಳ ಎರಡು ಬಗೆಗಳಿದ್ದವು. 2024ರ ನವೆಂಬರಿನಲ್ಲಿ ಅದೇ ಕಂಪನಿ ಪರಿಚಯಿಸಿದ ದೊಡ್ಡ ಎಸ್‌ಯುವಿಗಳಲ್ಲಿ 59 ಮತ್ತು 79 ಯೂನಿಟ್.

ಒಂದು ಯೂನಿಟ್ಟಿಗೆ ಎಷ್ಟು ಕಿಲೋಮೀಟರ್? ಕಂಪನಿಯವರು ಹೇಳುವುದು ಪರೀಕ್ಷೆಯ ಅಂಕಿ. 30.2 ಯೂನಿಟ್ಟಿನ ಗಾಡಿಗೆ 312 ಕಿಲೋಮೀಟರ್ ಎಂದು ಪ್ರಮಾಣಪತ್ರ ಇತ್ತು. ಒಂದು ಹಸು ಒಂದು ಒಳ್ಳೆಯ ದಿನ ಕೊಟ್ಟ ಹಾಲನ್ನೇ ಇಡೀ ಸೂಲಿನ ಲೆಕ್ಕಕ್ಕೆ ಹಿಡಿಯಲಾಗದಂತೆ ಇದೂ ಸಹ. 2023ರಲ್ಲಿ ನಮ್ಮ ಮನೆಗೂ ಸುಮಾರು 40 ಯೂನಿಟ್ ಬ್ಯಾಟರಿಯ ಗಾಡಿ ಬಂದಿತು. ನಾಲ್ಕು ಜನ ಕುಳಿತು, ಎಸಿ ಹಾಕಿ, ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದರೆ ನನಗೆ ಸಿಗುವುದು ಯೂನಿಟ್ಟಿಗೆ ಆರೂವರೆ ಕಿಲೋಮೀಟರ್. ವೇಗ 100 ದಾಟಿದರೆ ಇದು ಇನ್ನೂ ಇಳಿಯುತ್ತದೆ. ಈ ಪಾಠದ ಲೆಕ್ಕಗಳಿಗೆಲ್ಲ ಆರೂವರೆಯನ್ನೇ ಹಿಡಿಯೋಣ.

ಮೂರು ಬಗೆಯ ಚಾರ್ಜಿಂಗ್

ಬ್ಯಾಟರಿಗೆ ಬೇಕಾದುದು ಡಿಸಿ ಕರೆಂಟು. ಮನೆಗೆ ಬರುವುದು ಎಸಿ ಕರೆಂಟು. ಹಸುವಿಗೆ ಉದ್ದ ಮೇವು ಹಾಕಿದರೆ ಅದೇ ಅಗಿದು, ಮೆಲುಕು ಹಾಕಿ ಒಳಗೆ ತೆಗೆದುಕೊಳ್ಳಬೇಕು, ಸಮಯ ಹಿಡಿಯುತ್ತದೆ. ಹಾಗೆಯೇ ಎಸಿ ಕರೆಂಟನ್ನು ಕಾರಿನೊಳಗಿರುವ ಚಿಕ್ಕ ಯಂತ್ರ ಡಿಸಿಯಾಗಿ ಮಾರ್ಪಡಿಸಬೇಕು. ಹೆದ್ದಾರಿಯ ವೇಗದ ಚಾರ್ಜರ್ ಮೇವು ಕತ್ತರಿಸುವ ಯಂತ್ರವಿದ್ದಂತೆ. ಹೊರಗಿನ ದೊಡ್ಡ ಪೆಟ್ಟಿಗೆಯೇ ಡಿಸಿ ಮಾಡಿ ನೇರವಾಗಿ ಬ್ಯಾಟರಿಗೆ ಕೊಡುತ್ತದೆ.

1. 15 ಆಂಪಿಯರ್ ಸಾಕೆಟ್: ಇದು ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಅದರಲ್ಲಿ ಸ್ವಲ್ಪ ಶಾಖವಾಗಿ ಹೋಗಿ ಬ್ಯಾಟರಿಗೆ ಗಂಟೆಗೆ ಸುಮಾರು 2.7 ಯೂನಿಟ್ ಸೇರುತ್ತದೆ. 40 ಯೂನಿಟ್ಟಿನ ಬ್ಯಾಟರಿಯನ್ನು ಶೇಕಡ 20ರಿಂದ 80ಕ್ಕೆ ತರಲು 24 ಯೂನಿಟ್ ಬೇಕು. ಅಂದರೆ ಸುಮಾರು 9 ಗಂಟೆ.

2. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಪೆಟ್ಟಿಗೆ: ಇದಕ್ಕೆ 32 ಆಂಪಿಯರ್ ಬೇಕು. ಅದೇ 24 ಯೂನಿಟ್ಟಿಗೆ ನಾಲ್ಕು ಗಂಟೆಯೊಳಗೆ ಆಗುತ್ತದೆ. ಕಾರಿನೊಳಗಿನ ಯಂತ್ರಕ್ಕೂ ಅಷ್ಟು ತೆಗೆದುಕೊಳ್ಳುವ ಶಕ್ತಿ ಇರಬೇಕು. ಇಲ್ಲದಿದ್ದರೆ ಪೆಟ್ಟಿಗೆಗೆ ಕೊಟ್ಟ ಹಣ ವ್ಯರ್ಥ.

3. ಡಿಸಿ ವೇಗದ ಚಾರ್ಜರ್: ಹೆದ್ದಾರಿಗಳಲ್ಲಿ 30, 50, 60 ಕಿಲೋವ್ಯಾಟ್ ಮತ್ತು ಅದಕ್ಕೂ ಹೆಚ್ಚಿನವು ಸಿಗುತ್ತವೆ. ಅದೇ 24 ಯೂನಿಟ್ಟಿಗೆ ಗಾಡಿಯನ್ನು ಅನುಸರಿಸಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಶೇಕಡ 80ರ ಮೇಲೆ ವೇಗದ ಚಾರ್ಜರ್ ಕೂಡ ನಿಧಾನವಾಗುತ್ತದೆ. ಕ್ಯಾನಿನ ಕುತ್ತಿಗೆಗೆ ಹಾಲು ಬಂದ ಮೇಲೆ ನಾವು ಕೈ ಬಿಗಿಹಿಡಿದು ನಿಧಾನವಾಗಿ ಸುರಿಯುವುದಿಲ್ಲವೇ, ಹಾಗೆ. ಆದುದರಿಂದ ದಾರಿಯಲ್ಲಿ 80ಕ್ಕೆ ನಿಲ್ಲಿಸಿ ಹೊರಡುವುದೇ ಲಾಭ.

ದಿನನಿತ್ಯ ಎಷ್ಟಕ್ಕೆ ತುಂಬಬೇಕು ಎಂಬುದು ಬ್ಯಾಟರಿಯ ಜಾತಿಯನ್ನು ಅವಲಂಬಿಸಿದೆ. ಎಲ್‌ಎಫ್‌ಪಿ ಎಂಬ ಜಾತಿಯನ್ನು ಆಗಾಗ 100ರವರೆಗೆ ತುಂಬುವುದು ಒಳ್ಳೆಯದು. ಎನ್‌ಎಂಸಿ ಎಂಬ ಜಾತಿಯನ್ನು ದಿನನಿತ್ಯ 80ರ ಸುಮಾರಿಗೆ ನಿಲ್ಲಿಸಿ, ದೂರ ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬುವುದು ಲೇಸು. ತಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದಂತೆ ನಡೆಯಿರಿ. ಯಾವ ಜಾತಿಯಾದರೂ ಪೂರ್ತಿ ಖಾಲಿ ಮಾಡಿ ದಿನಗಟ್ಟಲೆ ನಿಲ್ಲಿಸಬಾರದು.

ಮನೆಯಲ್ಲಿ ಮಾಡಬೇಕಾದ ಸಿದ್ಧತೆ

ಮಿಕ್ಸಿ ಐದು ನಿಮಿಷ ನಡೆಯುತ್ತದೆ, ನೀರಿನ ಮೋಟಾರು ಅರ್ಧ ಗಂಟೆ ನಡೆಯುತ್ತದೆ. ಕಾರು ಮಾತ್ರ ಒಂಬತ್ತು ಗಂಟೆ ಬಿಡದೆ 13 ಆಂಪಿಯರ್ ಎಳೆಯುತ್ತದೆ. ಹಳೆಯ ಮನೆಯ ವೈರಿಂಗ್ ಇದಕ್ಕಾಗಿ ಮಾಡಿದ್ದಲ್ಲ. ಆದುದರಿಂದ ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಬೇಕು.

1. ಮಂಜೂರಾದ ಲೋಡ್: ಬಿಲ್ಲಿನಲ್ಲಿ ತಮ್ಮ ಮನೆಗೆ ಮಂಜೂರಾದ ಕಿಲೋವ್ಯಾಟ್ ಎಷ್ಟೆಂದು ನೋಡಿ. ಅನೇಕ ಹಳ್ಳಿಯ ಮನೆಗಳಿಗೆ ಒಂದೆರಡು ಕಿಲೋವ್ಯಾಟ್ ಮಾತ್ರ ಇರುತ್ತದೆ. ಮೊದಲು ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. ಮನೆಯ ಸಂಪರ್ಕದಿಂದಲೇ ಸ್ವಂತ ಕಾರನ್ನು ಚಾರ್ಜ್ ಮಾಡಿಕೊಳ್ಳಲು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ.

2. ಬೇರೆ ಲೈನು: ಮೇನ್ ಬೋರ್ಡಿನಿಂದ ಸಾಕೆಟ್ಟಿನವರೆಗೆ ಕಾರಿಗೆಂದೇ ಪ್ರತ್ಯೇಕ ತಾಮ್ರದ ತಂತಿ ಎಳೆಸಿ. 15 ಆಂಪಿಯರ್ ಸಾಕೆಟ್ಟಿಗೆ 4 ಚದರ ಮಿಲಿಮೀಟರ್, 7.2 ಕಿಲೋವ್ಯಾಟ್ ಪೆಟ್ಟಿಗೆಗೆ ಕನಿಷ್ಠ 6 ಚದರ ಮಿಲಿಮೀಟರ್ ಗಾತ್ರ ಇರಲಿ. ದೂರ ಹೆಚ್ಚಿದ್ದರೆ ಇನ್ನೂ ದಪ್ಪ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಖಂಡಿತ ಕೂಡದು.

3. ಅರ್ಥಿಂಗ್: ಕಾರಿನ ಲೈನಿಗೆ ಸರಿಯಾದ ಅರ್ಥ್ ಗುಂಡಿ ಮಾಡಿಸಿ. ಗುತ್ತಿಗೆದಾರರಿಂದ ಮೀಟರ್ ಇಟ್ಟು ಅಳೆಸಿ. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ಗುಂಡಿಯು ಹಸು ಕಟ್ಟುವ, ಓಡಾಡುವ ಜಾಗದಿಂದ ದೂರವಿರಬೇಕು. ನೀರಿನ ಪೈಪು, ಕೊಟ್ಟಿಗೆಯ ಕಬ್ಬಿಣದ ಕಂಬ, ಗೋದಲಿಯ ಸರಳು ಇವುಗಳಿಗೆ ಅರ್ಥ್ ತಂತಿ ಸುತ್ತಲೇಬಾರದು. ನ್ಯೂಟ್ರಲ್ ತಂತಿಯನ್ನು ಅರ್ಥ್ ಪಿನ್ನಿಗೆ ಸೇರಿಸುವವರನ್ನು ಅಂಗಳಕ್ಕೂ ಸೇರಿಸಬೇಡಿ.

4. ಆರ್‌ಸಿಸಿಬಿ: ಇದು 30 ಮಿಲಿ ಆಂಪಿಯರ್ ವಿದ್ಯುತ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುವ ಸಾಧನ. ಎಂಸಿಬಿ ಮಾತ್ರ ಇದ್ದರೆ ಸಾಲದು. ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಜೀವವನ್ನು ಕಾಯುತ್ತದೆ. ನಾನು ಹೇಳಿದ ಮನೆಯಲ್ಲಿ ಇದು ಇದ್ದಿದ್ದರೆ ತಪ್ಪು ಜೋಡಣೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿ ಪರೀಕ್ಷಿಸಿ. ಸಾಧ್ಯವಾದರೆ ಕೊಟ್ಟಿಗೆಯ ಲೈನಿಗೂ ಇನ್ನೊಂದು ಹಾಕಿಸಿ.

5. ಸಾಕೆಟ್ಟಿನ ಜಾಗ: ಮಳೆ ಬೀಳದ, ಕೊಟ್ಟಿಗೆಯಿಂದ ಆಚೆಗಿರುವ ಗೋಡೆ ಆರಿಸಿ. ಗಂಜಲದಿಂದ ಏಳುವ ಅಮೋನಿಯಾ ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಕೊಟ್ಟಿಗೆಯ ಸಾಕೆಟ್‌ಗಳು ಬೇಗ ಕಪ್ಪಾಗುವುದನ್ನು ತಾವೇ ನೋಡಿದ್ದೀರಿ. ಕಪ್ಪಾದ ಸಾಕೆಟ್ ಬಿಸಿಯಾಗುತ್ತದೆ, ಬಿಸಿಯಾದ ಸಾಕೆಟ್ ಬೆಂಕಿಗೆ ಮೂಲ. ಹುಲ್ಲಿನ ಮೆದೆ, ಬೂಸಾ ಚೀಲ, ಗೋಬರ್ ಗ್ಯಾಸ್ ಘಟಕ ಇವುಗಳ ಪಕ್ಕದಲ್ಲಿ ಚಾರ್ಜ್ ಮಾಡಬಾರದು. ಮೇವು ಇರುವಲ್ಲಿ ಇಲಿ ಇರುತ್ತದೆ, ಇಲಿ ಕೇಬಲ್ ಕಡಿಯುತ್ತದೆ. ಕರುಗಳು ನೆಲದ ಮೇಲೆ ಬಿದ್ದ ಕೇಬಲನ್ನು ಅಗಿಯಬಹುದು, ಆದುದರಿಂದ ಕೇಬಲ್ ನೇತುಹಾಕಲು ಗೂಟ ಹೊಡೆಸಿ.

6. ಸಮಯ: ಸಂಜೆ ಊರಿನ ವೋಲ್ಟೇಜ್ ಕಡಿಮೆ ಇರುತ್ತದೆ. 180 ವೋಲ್ಟ್ ಇದ್ದರೆ ಅದೇ ಸಾಕೆಟ್ಟಿನಿಂದ ಸಿಗುವುದು ಸುಮಾರು 2.3 ಕಿಲೋವ್ಯಾಟ್ ಮಾತ್ರ. ಹಾಲು ಹಾಕಿ, ಊಟ ಮುಗಿಸಿ, ರಾತ್ರಿ ಹತ್ತರ ನಂತರ ಪ್ಲಗ್ ಹಾಕಿ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ನಡೆಯುವಾಗ ಕಾರು ಚಾರ್ಜಿನಲ್ಲಿರಬಾರದು. ಅರ್ಧ ಗಂಟೆಯ ನಂತರ ಒಮ್ಮೆ ಪ್ಲಗ್ಗಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಕೂಡಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಎರಡು ಕಡೆ ಕೈ ಹಾಕಬೇಡಿ

ಮೊದಲನೆಯದು ಪಂಪ್‌ಸೆಟ್ ಲೈನು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿರುವುದು ಬೆಳೆಗಾಗಿ. ಅದರಿಂದ ಕಾರು ಚಾರ್ಜ್ ಮಾಡುವುದು ವಿದ್ಯುತ್ತಿನ ದುರ್ಬಳಕೆ, ದಂಡಕ್ಕೆ ಗುರಿ. ಅಲ್ಲದೆ ಆ ಲೈನಿನ ವೋಲ್ಟೇಜ್ ಏರಿಳಿತ ಗಾಡಿಯ ಚಾರ್ಜರಿಗೂ ಒಳ್ಳೆಯದಲ್ಲ.

ಎರಡನೆಯದು ಸಂಘದ ಲೈನು. ಬಲ್ಕ್ ಮಿಲ್ಕ್ ಕೂಲರ್ ಇರುವ ಸಂಘಗಳಲ್ಲಿ ದಪ್ಪ ತಂತಿ, ಒಳ್ಳೆಯ ಅರ್ಥಿಂಗ್ ಇರುತ್ತದೆ. ಪರಿಚಯದ ಸಲಿಗೆಯಲ್ಲಿ "ಸ್ವಲ್ಪ ಹೊತ್ತು ಹಾಕಿಕೊಳ್ಳುತ್ತೇನೆ" ಎಂದು ಕಾರ್ಯದರ್ಶಿಗಳನ್ನು ಕೇಳುವವರು ಇರಬಹುದು. ದಯವಿಟ್ಟು ಕೇಳಬೇಡಿ, ಕಾರ್ಯದರ್ಶಿಗಳು ಒಪ್ಪಬೇಡಿ. ಹಾಲನ್ನು 4 ಡಿಗ್ರಿಗೆ ಇಳಿಸುವ ಹೊತ್ತಿನಲ್ಲಿ ಲೋಡ್ ಹೆಚ್ಚಾಗಿ ಕಂಪ್ರೆಸರ್ ಟ್ರಿಪ್ ಆದರೆ ಕೆಡುವುದು ಒಬ್ಬರ ಹಾಲಲ್ಲ, ಇಡೀ ಊರಿನ ಹಾಲು.

ಬಿಲ್ಲಿನ ಲೆಕ್ಕ

ತಿಂಗಳಿಗೆ 1000 ಕಿಲೋಮೀಟರ್ ಓಡುವ ಮನೆಯನ್ನು ತೆಗೆದುಕೊಳ್ಳೋಣ. ಬ್ಯಾಟರಿಯಿಂದ ಖರ್ಚಾಗುವುದು ಸುಮಾರು 154 ಯೂನಿಟ್. ಚಾರ್ಜಿಂಗ್ ನಷ್ಟ ಸೇರಿಸಿ ಮೀಟರಿನಲ್ಲಿ ಓಡುವುದು ಸುಮಾರು 175 ಯೂನಿಟ್. ಲೆಕ್ಕಕ್ಕಾಗಿ ಯೂನಿಟ್ಟಿಗೆ 7 ರೂಪಾಯಿ ಇಟ್ಟರೆ 1,225 ರೂಪಾಯಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಡೀಸೆಲ್ ಗಾಡಿಗೆ ಅದೇ ದೂರಕ್ಕೆ 67 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ 6,030 ರೂಪಾಯಿ. ವ್ಯತ್ಯಾಸ ದೊಡ್ಡದೇ ಸರಿ. ಆದರೆ ಗಾಡಿಯ ಬೆಲೆಯೂ ಹೆಚ್ಚು. ತಿಂಗಳಿಗೆ 300-400 ಕಿಲೋಮೀಟರ್ ಮಾತ್ರ ಓಡಾಡುವವರಿಗೆ ಈ ಉಳಿತಾಯದಿಂದ ಆ ಹೆಚ್ಚಿನ ಬೆಲೆ ಹುಟ್ಟುವುದು ಕಷ್ಟ. ಅಂಥವರು ಅದೇ ಹಣಕ್ಕೆ ಎರಡು ಒಳ್ಳೆಯ ಹಸು ಕಟ್ಟುವುದು ಲಾಭವೇ ಎಂದು ಮನೆಯವರೊಡನೆ ಕುಳಿತು ಯೋಚಿಸಲಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಉಚಿತ ಯೂನಿಟ್ ಗೊತ್ತುಮಾಡಿದ್ದಾರೆ. ಆ ಮಿತಿ ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಮನೆಯ ಬಳಕೆ 60 ಯೂನಿಟ್, ಕಾರಿನದು 175 ಎಂದರೆ ಒಟ್ಟು 235. ರಿಯಾಯಿತಿ ಹೋಯಿತು. ಅದೇ ಮನೆಯವರು 600 ಕಿಲೋಮೀಟರ್ ಮಾತ್ರ ಓಡಿದರೆ ಕಾರಿಗೆ 105, ಒಟ್ಟು 165. ಮಿತಿ ಮೀರಿದ ಯೂನಿಟ್ಟಿಗಷ್ಟೇ ಹಣ. ಹೆಚ್ಚು ಓಡಾಟ ಇರುವವರು ಕಾರಿಗೆ ಪ್ರತ್ಯೇಕ ಮೀಟರ್ ಪಡೆಯುವ ಬಗ್ಗೆ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಲಿ.

ಛಾವಣಿಯ ಮೇಲೆ ಸೌರಫಲಕ ಹಾಕಿಸುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಅಷ್ಟು ಫಲಕದಿಂದ ಬಿಸಿಲಿನ ದಿನ ಸುಮಾರು 12 ಯೂನಿಟ್ ಬರುತ್ತದೆ. ಅದು ಸುಮಾರು 70 ಕಿಲೋಮೀಟರ್ ಓಡಾಟಕ್ಕೆ ಸಾಕು.

ದಾರಿಯಲ್ಲಿ

ದೂರ ಪ್ರಯಾಣಕ್ಕೆ ಒಂದು ಸರಳ ನಿಯಮ ಇಟ್ಟುಕೊಳ್ಳಿ: ಮನೆಯಿಂದ 100ರಲ್ಲಿ ಹೊರಡಿ, 20ರ ಕೆಳಗೆ ಇಳಿಯಬೇಡಿ. ಉದಾಹರಣೆಗೆ ಹಾಸನದಿಂದ ಬೆಂಗಳೂರಿಗೆ ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್, ನೆಲಮಂಗಲದ ಮೇಲೆ ಸುಮಾರು 185 ಕಿಲೋಮೀಟರ್. 40 ಯೂನಿಟ್ಟಿನ ಬ್ಯಾಟರಿಯಲ್ಲಿ ಶೇಕಡ 80 ಎಂದರೆ 32 ಯೂನಿಟ್, 208 ಕಿಲೋಮೀಟರ್. ನಡುವೆ ನಿಲ್ಲದೆ ತಲುಪಬಹುದು. ಆದರೆ ಬೆಂಗಳೂರಿನಲ್ಲಿ ಚಾರ್ಜ್ ಮಾಡದೆ ಹಿಂತಿರುಗಲಾಗದು. 30 ಯೂನಿಟ್ಟಿನ ಬ್ಯಾಟರಿಯಲ್ಲಾದರೆ 24 ಯೂನಿಟ್, 156 ಕಿಲೋಮೀಟರ್. ಯಡಿಯೂರು-ಕುಣಿಗಲ್ ಆಸುಪಾಸಿನಲ್ಲಿ ಕಾಫಿ-ತಿಂಡಿಗೆ ನಿಲ್ಲುವಾಗಲೇ ಚಾರ್ಜಿಗೂ ನಿಲ್ಲುವಂತೆ ಮನೆಯಲ್ಲೇ ಯೋಜನೆ ಮಾಡಿಕೊಳ್ಳಬೇಕು.

ಘಟ್ಟದ ಲೆಕ್ಕ ಬೇರೆ. ಸಕಲೇಶಪುರದಿಂದ ಶಿರಾಡಿ ಘಟ್ಟ ಇಳಿದರೆ ಸುಮಾರು 800 ಮೀಟರ್ ಕೆಳಗೆ ಬರುತ್ತೇವೆ. ಇಳಿಯುವಾಗ ಗಾಡಿಯ ಮೋಟಾರೇ ಡೈನಮೋ ಆಗಿ ಒಂದೆರಡು ಯೂನಿಟ್ ಬ್ಯಾಟರಿಗೆ ಮರಳಿಸುತ್ತದೆ. ಮರಳಿ ಹತ್ತುವಾಗ ಮಾತ್ರ ಸಮತಟ್ಟು ದಾರಿಗಿಂತ ನಾಲ್ಕು ಯೂನಿಟ್ಟಿನಷ್ಟು ಹೆಚ್ಚಿಗೆ ಬೇಕು. ಅಂದರೆ 26 ಕಿಲೋಮೀಟರಿನ ಓಟ ಅಲ್ಲೇ ಹೋಯಿತು. ಮಂಗಳೂರು, ಧರ್ಮಸ್ಥಳದ ಕಡೆಯಿಂದ ಬರುವವರು ಘಟ್ಟದ ಕೆಳಗೇ ಸಾಕಷ್ಟು ಚಾರ್ಜ್ ಮಾಡಿಕೊಂಡು ಹತ್ತಬೇಕು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಮ್ಮೆ ಮಕ್ಕಳು, ತಾಯಿಯವರೊಡನೆ ರಾತ್ರಿ ಊರಿಗೆ ಹಿಂತಿರುಗುವಾಗ ಶೇಕಡ 15ಕ್ಕೆ ಇಳಿಸಿಕೊಂಡು ಒಂದೇ ಚಾರ್ಜರನ್ನು ನಂಬಿ ಹೋದೆ. ಅದು ಕೆಟ್ಟು ನಿಂತಿತ್ತು. ಮುಂದಿನದು 22 ಕಿಲೋಮೀಟರ್ ದೂರ. ಎಸಿ ಆರಿಸಿ, 45ರ ವೇಗದಲ್ಲಿ, ಯಾರೂ ಮಾತಾಡದೆ ಹೋದೆವು. ತಲುಪಿದಾಗ ಉಳಿದದ್ದು ಶೇಕಡ 6. ತಾಯಿಯವರು, "ಹಸುವಿಗಾದ್ರೆ ಹೊತ್ತಿಗೆ ಸರಿಯಾಗಿ ಮೇವು ಹಾಕು ಅಂತ ಊರಿಗೆಲ್ಲ ಹೇಳ್ತೀಯ" ಎಂದರು. ಉತ್ತರ ಕೊಡಲಿಲ್ಲ.

ಅಂದಿನಿಂದ ಪಾಲಿಸುತ್ತಿರುವ ನಿಯಮಗಳು ಇವು:

1. ಮೊದಲ ಚಾರ್ಜರ್ ಕೆಟ್ಟಿದ್ದರೆ ಎರಡನೆಯದಕ್ಕೆ ಹೋಗುವಷ್ಟು ಯಾವಾಗಲೂ ಉಳಿದಿರಬೇಕು.

2. ಇಂದಿನ ಹೆಚ್ಚಿನ ಎಸ್‌ಯುವಿಗಳ ವೇಗದ ಚಾರ್ಜಿಂಗಿಗೆ ಬೇಕಾದ ಬಾಯಿ ಸಿಸಿಎಸ್-2. ಚಾರ್ಜರ್ ಇದ್ದರೆ ಸಾಲದು, ಅದೇ ಬಾಯಿಯದಾಗಿರಬೇಕು.

3. ಬೇಕಾದ ಆ್ಯಪ್‌ಗಳನ್ನು ಮನೆಯಲ್ಲೇ ಮೊಬೈಲಿಗೆ ಹಾಕಿ, ನೋಂದಣಿ ಮಾಡಿ, ಸ್ವಲ್ಪ ಹಣ ತುಂಬಿಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಒಟಿಪಿ ಕಾಯುತ್ತ ನಿಲ್ಲುವ ಪಾಡು ಬೇಡ.

4. ಹೆದ್ದಾರಿಯ ದರ ಮನೆಯ ದರದ ಎರಡು-ಮೂರು ಪಟ್ಟು ಇರಬಹುದು. ಪರದೆಯ ಮೇಲೆ ದರ ನೋಡಿಯೇ ಆರಂಭಿಸಿ. ದಿನನಿತ್ಯದ ಚಾರ್ಜಿಂಗ್ ಮನೆಯಲ್ಲಿರಲಿ, ವೇಗದ ಚಾರ್ಜರ್ ಪ್ರಯಾಣಕ್ಕಿರಲಿ. ಹಿಂಡಿಯನ್ನೇ ಮೇವಾಗಿ ಹಾಕುವವರುಂಟೇ?

5. ಶೇಕಡ 80 ಆದ ಮೇಲೆ ಗಾಡಿ ತೆಗೆದು ಹಿಂದಿನವರಿಗೆ ಜಾಗ ಬಿಡಿ. ಹಾಲು ಹಾಕುವ ಸಾಲಿನಲ್ಲಿ ನಾವು ಪಾಲಿಸುವ ಮರ್ಯಾದೆಯೇ ಇಲ್ಲಿಯೂ ಸಲ್ಲುತ್ತದೆ.

6. ಕಾರಿನ ಜೊತೆ ಬಂದ 15 ಆಂಪಿಯರ್ ಚಾರ್ಜರ್ ಸದಾ ಡಿಕ್ಕಿಯಲ್ಲಿರಲಿ. ನೆಂಟರ ಮನೆಯಲ್ಲಿ ಉಳಿದರೆ ಅರ್ಥಿಂಗ್ ವಿಚಾರಿಸಿ ಹಾಕಿಕೊಳ್ಳಿ. ಕೆಂಪು ದೀಪ ಬಂದರೆ ಉಪಾಯ ಹುಡುಕದೆ ಪ್ಲಗ್ ಕಿತ್ತುಬಿಡಿ.

ಕರೆಂಟು ಹೋದಾಗ ಕಾರಿನಿಂದ ಹಾಲು ಕರೆಯುವುದು

2023ರ ನಂತರ ಬಂದ ಕೆಲವು ಗಾಡಿಗಳಲ್ಲಿ ಬ್ಯಾಟರಿಯಿಂದ ಹೊರಗೆ ಕರೆಂಟು ತೆಗೆಯುವ ಸೌಲಭ್ಯ ಇದೆ. ಸುಮಾರು 3 ಕಿಲೋವ್ಯಾಟಿನವರೆಗೆ ಸಿಗುತ್ತದೆ. ಒಂದು ಅಶ್ವಶಕ್ತಿಯ ಹಾಲು ಕರೆಯುವ ಯಂತ್ರ ಓಡುವಾಗ ಮುಕ್ಕಾಲು ಕಿಲೋವ್ಯಾಟ್ ಸಾಕಾದರೂ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆದುದರಿಂದ ಗಾಡಿಯ ಡೀಲರರನ್ನು ವಿಚಾರಿಸಿಯೇ ಪ್ರಯೋಗ ಮಾಡಿ. ಯಂತ್ರವನ್ನು ಕಾರಿನ ಸಾಕೆಟ್ಟಿಗೇ ನೇರವಾಗಿ ಹಾಕಬೇಕು. ಕಾರಿನ ಕರೆಂಟನ್ನು ಮನೆಯ ಸಾಕೆಟ್ಟಿಗೆ ತಿರುವಿ ಮನೆಗೆಲ್ಲ ಹರಿಸುವ ಸಾಹಸ ಎಂದಿಗೂ ಬೇಡ. ಅದು ಕಂಬದವರೆಗೆ ಹೋಗಿ, ಲೈನು ಆಫ್ ಇದೆಯೆಂದು ನಂಬಿ ಹತ್ತಿದ ಲೈನ್‌ಮನ್ನರ ಪ್ರಾಣ ತೆಗೆಯುತ್ತದೆ.

ಪಶುವಿಗೆ ಕರೆಂಟು ಹೊಡೆದರೆ

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅದಕ್ಕೂ ಮೊದಲು ಹಸುವನ್ನಾಗಲಿ, ಅದರ ಸರಪಳಿಯನ್ನಾಗಲಿ ಮುಟ್ಟಬೇಡಿ. ಹಸುವಿನ ಮೇಲಿನ ಮಮತೆಯಿಂದ ಓಡಿ ಹೋಗಿ ಮುಟ್ಟಿದವರು ಜೊತೆಗೇ ಪ್ರಾಣ ಬಿಟ್ಟ ಸಂಗತಿಗಳು ನಮ್ಮ ಹಳ್ಳಿಗಳಲ್ಲಿ ನಡೆದಿವೆ. ಬದುಕಿದ್ದರೆ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಸತ್ತಿದ್ದರೆ ಹೂಳುವ ಮೊದಲು ವಿದ್ಯುತ್ ಕಂಪನಿಯವರಿಗೆ, ಪೊಲೀಸರಿಗೆ ಮತ್ತು ವಿಮೆ ಇದ್ದರೆ ವಿಮಾ ಕಂಪನಿಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಮಾಡಿಸಿ. ಕಿವಿಯೋಲೆಯನ್ನು ಜೋಪಾನವಾಗಿಡಿ.

ಕೊನೆಯದಾಗಿ

ನಮ್ಮ ರಾಜ್ಯ 2017ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು, ಎಲೆಕ್ಟ್ರಿಕ್ ವಾಹನ ನೀತಿ ಪ್ರಕಟಿಸಿತು. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಮಾರಾಟದ ಪರವಾನಗಿ ಬೇಕಿಲ್ಲವೆಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಹೆದ್ದಾರಿಯ ಬದಿಯಲ್ಲಿ ಸ್ವಂತ ಜಾಗ ಇರುವ ಸಂಘಗಳು, ಕೂಲರಿನ ಲೈನಿಗೆ ಸಂಬಂಧವಿಲ್ಲದಂತೆ ಬೇರೆ ಸಂಪರ್ಕ ಪಡೆದು, ಮುಂದೆ ಇದನ್ನೊಂದು ಆದಾಯವಾಗಿ ಯೋಚಿಸಬಹುದು. ಅದು ಸರ್ವ ಸದಸ್ಯರ ಸಭೆಯಲ್ಲಿ ಚರ್ಚೆಯಾಗಬೇಕಾದ ವಿಷಯ.

ಈಗಾಗಲೇ ಕಾರು ಕೊಂಡಿರುವ ಸದಸ್ಯರು ಈ ವಾರವೇ ಒಂದು ಕೆಲಸ ಮಾಡಿ. ಕಾರು ಚಾರ್ಜಿನಲ್ಲಿರುವಾಗ ಕೊಟ್ಟಿಗೆಗೆ ಹೋಗಿ ಐದು ನಿಮಿಷ ಸುಮ್ಮನೆ ನಿಂತು ಹಸುಗಳನ್ನು ನೋಡಿ. ನೀರು ಕುಡಿಯಲು ಹಿಂಜರಿಯುತ್ತಿವೆಯೇ? ಕಾಲು ಎತ್ತಿ ಎತ್ತಿ ಇಡುತ್ತಿವೆಯೇ? ಒಳಗೆ ಬರಲು ಒಲ್ಲೆ ಎನ್ನುತ್ತಿವೆಯೇ? ಒಂದಾದರೂ ಹೌದೆಂದಾದರೆ ಪ್ಲಗ್ ತೆಗೆದು, ತಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ವಿಸ್ತರಣಾಧಿಕಾರಿಯನ್ನು ಸಂಪರ್ಕಿಸಿ. ಮನೆಯಲ್ಲಿ ಹಾಲು ಕರೆಯುವ ಹೆಣ್ಣುಮಕ್ಕಳು ಏನಾದರೂ ವ್ಯತ್ಯಾಸ ಕಂಡೆವೆಂದರೆ ನಗದೆ ಕೇಳಿ. ಮಲ್ಟಿಮೀಟರಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ.